ನೀಲಿ ರಟ್ಟಿನ ಪುಸ್ತಕದ ಭಾರ

ಎಲ್ಲ ಕಿರಿಕಿರಿಗೂ ಮೂಲ ಎಂಟಡಿ ಅಗಲದ ಒಂದು ಕೋಣೆ. ಯಾಂಗ್‌ಝೌ ಊರಿನ ಹಳೇ ಕಾಲುವೆಯ ದಂಡೆಯಲ್ಲಿದ್ದ ಐದಂತಸ್ತಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಚು ವೆನ್‌ಬಿನ್ ಅವರ ಮನೆ. ಅವರ ನಲವತ್ತು ವರ್ಷದ ಪುಸ್ತಕಗಳು ಆ ಕೋಣೆಯನ್ನು ನೆಲದಿಂದ ಸೂರಿನವರೆಗೆ ತುಂಬಿಕೊಂಡಿದ್ದವು. ಚು ಶಾಲೆಯೊಂದರ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಂಡು ನಿವೃತ್ತರಾದವರು, ಒಂದು ದಿನವೂ ಪಾಠ ಮಾಡಿದವರಲ್ಲ. ಆದರೂ ಅಕ್ಕಪಕ್ಕದವರೆಲ್ಲ ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಮೇಷ್ಟರಿಗೆ ಕೊಡಬೇಕಾದ ಮರ್ಯಾದೆಯನ್ನು ಕರೆಯುವುದರಲ್ಲೇ ಮುಗಿಸಿಬಿಡುತ್ತಿದ್ದರು.

ಹೆಂಡತಿ ಗುಯಿಫೆನ್ ಆ ಕೋಣೆ ಮೊಮ್ಮಗಳು ಮಿಯೆನ್‌ಮಿಯೆನ್‌ಗೆ ಬೇಕು ಎಂದು ಪಟ್ಟು ಹಿಡಿದಿದ್ದಳು. ಆರು ತಿಂಗಳ ಜಗಳದ ಕೊನೆಗೆ ಒಂದು ಒಪ್ಪಂದವಾಯಿತು. ವರ್ಷ ತುಂಬಿದ ದಿನ ಮಗುವನ್ನು ಕೆಂಪು ಬಟ್ಟೆಯ ಮೇಲೆ ಕೂರಿಸಿ ಎದುರಿಗೆ ನಾನಾ ಸಾಮಾನು ಹರಡುತ್ತಾರೆ, ಅದು ಹಿಡಿದದ್ದೇ ಅದರ ಮುಂದಿನ ಬಾಳು ಎನ್ನುತ್ತಾರೆ. ಅದೇ ತೀರ್ಪಾಗಲಿ ಎಂದು ಇಬ್ಬರೂ ಒಪ್ಪಿದರು. ಮಿಯೆನ್‌ಮಿಯೆನ್ ಪುಸ್ತಕ ಹಿಡಿದರೆ ಪುಸ್ತಕಗಳು ಕೋಣೆಯಲ್ಲೇ ಇರುತ್ತವೆ. ಬೇರೆ ಏನೇ ಹಿಡಿದರೂ ಹಳೇ ಪೇಪರಿನವನ ಗಾಡಿಗೆ.

ತೀರ್ಪನ್ನು ಮಗುವಿನ ಪಾಡಿಗೆ ಬಿಟ್ಟು ಕೂರುವಷ್ಟು ದಡ್ಡರಲ್ಲ ಚು. ಎರಡು ವಾರದಿಂದ, ಮಧ್ಯಾಹ್ನ ಗುಯಿಫೆನ್ ನಿದ್ದೆಗೆ ಜಾರಿದ ಕೂಡಲೇ, ಮಗುವನ್ನು ಬಾಲ್ಕನಿಗೆ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿ ನೀಲಿ ರಟ್ಟಿನ ಒಂದು ದಪ್ಪ ಪುಸ್ತಕ. ಕಾಲುವೆಯ ದೋಣಿಯವರ ಕತೆಗಳದು. ಚು ಚಿಕ್ಕವರಿದ್ದಾಗ ಅಪ್ಪ ಓದಿ ಹೇಳುತ್ತಿದ್ದದ್ದು. ಅದರ ಕೆಳಗೊಂದು ಅಕ್ಕಿ ಬಿಸ್ಕತ್ತು.

"ನಾವು ಯಾವ ಜನ, ಯಾವ ನೀರು ಕುಡ್ದು ಬೆಳೆದೋರು ಅನ್ನೋದೆಲ್ಲ ಇದ್ರಲ್ಲಿದೆ ಕಂದ," ಎಂದು ಹೇಳಿ ಚು ಒಂದು ಪುಟ ಓದುತ್ತಿದ್ದರು. ಆಮೇಲೆ ಮಗು ಪುಸ್ತಕ ಎತ್ತಿ ಬಿಸ್ಕತ್ತು ತೆಗೆದುಕೊಳ್ಳಬೇಕು. ಎರಡು ವಾರದಲ್ಲಿ ಮಿಯೆನ್‌ಮಿಯೆನ್ ಓದನ್ನು ಸಹಿಸಿಕೊಳ್ಳುವುದನ್ನು ಚೆನ್ನಾಗಿ ಕಲಿತಿದ್ದಳು.

ಹುಟ್ಟುಹಬ್ಬದ ಬೆಳಿಗ್ಗೆ ನೋಡಿದರೆ ನೀಲಿ ಪುಸ್ತಕವೇ ಇಲ್ಲ.

"ಅದಾ?" ಎಂದಳು ಗುಯಿಫೆನ್, ಬಂದವರಿಗೆ ಹಂಚುವ ಮೊಟ್ಟೆಗಳಿಗೆ ಕೆಂಪು ಬಣ್ಣ ಹಚ್ಚುತ್ತ. "ನಿನ್ನೆ ಲುವೊ ಅಕ್ಕ ಬಂದು ಭಾರವಾದ್ದು ಏನಾದ್ರೂ ಇದ್ರೆ ಕೊಡು ಅಂದ್ಲು. ಕೊಟ್ಟೆ."

"ಸಾವಿರಾರು ಪುಸ್ತಕ ಬಿದ್ದಿವೆ, ಅದೇ ಸಿಕ್ತಾ ನಿಂಗೆ?"

"ಬಾಲ್ಕನೀಲಿ ಅದೊಂದೇ ಇತ್ತು. ಅಲ್ಲ, ಅದ್ಯಾಕೆ ಬಾಲ್ಕನೀಲಿತ್ತು?"

ಚು ಚಪ್ಪಲಿ ಮೆಟ್ಟಿ ಓಡಿದರು. ಲುವೊ ಅಕ್ಕನದು ಎದುರು ಕಟ್ಟಡದ ಐದನೇ ಮಹಡಿ. ಎರಡು ಕಟ್ಟಡಕ್ಕೂ ಲಿಫ್ಟಿಲ್ಲ. ಕೆಳಗೆ ಬಾಗಿಲಲ್ಲೇ ಹಳೇ ಪೇಪರಿನವನು ತನ್ನ ಮೂರು ಗಾಲಿ ಗಾಡಿಯ ಮೇಲೆ ಕೂತು ಹಬೆಯಾಡುವ ಬನ್ನು ತಿನ್ನುತ್ತಿದ್ದ.

"ಅಮ್ಮಾವ್ರು ಬರಕ್ಕೆ ಹೇಳಿದ್ರು. ಇನ್ನೆಷ್ಟು ಹೊತ್ತಾಗುತ್ತೆ ಮೇಷ್ಟ್ರೇ?"

ಮಗು ಇನ್ನೂ ಎದ್ದಿಲ್ಲ, ಆಗಲೇ ಗಾಡಿ ಬಂದಿದೆ ಎಂದು ಚು ಅವರಿಗೆ ಮೈಯೆಲ್ಲ ಉರಿದುಹೋಯಿತು.

ನೀಲಿ ಪುಸ್ತಕ ಲುವೊ ಅಕ್ಕನ ಅಡುಗೆಮನೆಯಲ್ಲಿ, ಸಾಸಿವೆ ಸೊಪ್ಪಿನ ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಕೂತಿತ್ತು. ಚು ಕೈ ಚಾಚಿದರು. ಲುವೊ ಅಕ್ಕ ಜಾಡಿಗೆ ಅಡ್ಡ ನಿಂತಳು.

"ಈಗ ತೆಗೆದ್ರೆ ಮುಚ್ಚಳ ಏಳುತ್ತೆ ಮೇಷ್ಟ್ರೇ. ಗಾಳಿ ಹೊಕ್ರೆ ಸೊಪ್ಪೆಲ್ಲ ಕೆಟ್ಟೋಗುತ್ತೆ."

"ನನ್ನ ಬದುಕೇ ಕೆಟ್ಟೋಗ್ತಿದೆ ತಾಯಿ."

"ಅಷ್ಟೇ ಭಾರದ್ದು ಇನ್ನೊಂದು ತಂದಿಟ್ಟು ತಗೊಂಡ್ಹೋಗಿ. ನಾನೇನು ಬೇಡ ಅಂದ್ನಾ?"

ಚು ಐದು ಮಹಡಿ ಇಳಿದು ಸೈಕಲ್ ನಿಲ್ಲಿಸುವ ಜಾಗದಿಂದ ಒಂದು ಇಟ್ಟಿಗೆ ಹೊತ್ತು ತಂದರು. ಲುವೊ ಅಕ್ಕ ಅದನ್ನು ಕೈಯಲ್ಲಿ ತೂಗಿ ನೋಡಿ, "ಸಾಲದು," ಎಂದಳು. ಮತ್ತೆ ಇಳಿದು ಇನ್ನೊಂದು ತಂದರು. "ಮಣ್ಣಿದೆ, ತೊಳ್ಕೊಡಿ," ಎಂದಳು. ತೊಳೆದುಕೊಟ್ಟರು. ಅರವತ್ತೆರಡು ವರ್ಷದಲ್ಲಿ ಸಾಹಿತ್ಯಕ್ಕಾಗಿ ಅವರು ಇಷ್ಟು ಬೆವರು ಸುರಿಸಿದ್ದು ಇದೇ ಮೊದಲು.

ಮನೆಗೆ ಬಂದು ಮೂಸಿದರೆ ಪುಸ್ತಕದ ತುಂಬ ಉಪ್ಪಿನಕಾಯಿಯ ವಾಸನೆ. ಈ ನಾತಕ್ಕೆ ಮಗು ಹತ್ತಿರ ಸುಳಿಯುವುದುಂಟೇ? ಚು ಬಚ್ಚಲಿನ ಬಾಗಿಲು ಹಾಕಿಕೊಂಡು ರಟ್ಟಿಗೆ ಸಕ್ಕರೆ ಪಾಕ ಸವರಿದರು. ಅಪ್ಪನ ನೆನಪಾಗಿ ನಾಚಿಕೆಯಾಯಿತು. ಆದರೂ ಮೂಲೆಗಳನ್ನು ಬಿಡದೆ ಸವರಿದರು.

ಅಷ್ಟರಲ್ಲಿ ಮನೆ ತುಂಬಿತ್ತು. ಮೀನಿನ ಸಗಟು ವ್ಯಾಪಾರಿಯಾದ ಬೀಗರು ಹಾನ್, ಅಂದರೆ ಸೊಸೆಯ ಅಪ್ಪ, ಹಿತ್ತಾಳೆಯ ಅಂಚಿದ್ದ ಲೆಕ್ಕದ ಮಣಿಚೌಕಟ್ಟು ತಂದಿದ್ದರು. ಕೆಳಮನೆಯ ಶಾವಿಗೆ ಅಂಗಡಿಯವನು ತನ್ನ ಸೌಟು ತಂದಿದ್ದ. ಯಾರೋ ಮೊಹರು ಇಟ್ಟಿದ್ದರು, ಯಾರೋ ಮೈಕು. ಇಟ್ಟಿಗೆ ವಿಷಯವನ್ನು ಎಲ್ಲರಿಗೂ ಹೇಳಲೆಂದೇ ಲುವೊ ಅಕ್ಕನೂ ಹಿಂದೆಯೇ ಬಂದಿದ್ದಳು. ಚು ನೀಲಿ ಪುಸ್ತಕವನ್ನು ಮಗುವಿನ ಎದುರಿಗೇ ಇಟ್ಟರೆ, "ಇದೇನು ವಾಸ್ನೆ," ಎಂದು ಒಬ್ಬರು ಅದನ್ನು ಸರಿಸಿದರು. ಇನ್ನೊಬ್ಬರು ಇನ್ನಷ್ಟು ಸರಿಸಿದರು. ಕೊನೆಗೆ ಅದು ಬಟ್ಟೆಯ ತುದಿಗೆ ಹೋಗಿ ಬಿತ್ತು.

ಮಿಯೆನ್‌ಮಿಯೆನ್ ಅಂಬೆಗಾಲಿಟ್ಟಳು. ಮಣಿಚೌಕಟ್ಟನ್ನು ಗಲಗಲ ಆಡಿಸಿದಳು. ಬೀಗರು ನಕ್ಕರು, ಚು ಕಣ್ಣು ಮುಚ್ಚಿಕೊಂಡರು. ಅದನ್ನು ಬಿಟ್ಟು ಸೌಟಿನ ಕಡೆ ತಿರುಗಿದಳು. ಶಾವಿಗೆಯವನು, "ಬಾ ಪುಟ್ಟಿ, ಅಂಗ್ಡಿ ನಿಂಗೇ ಬರೆದ್ಕೊಡ್ತೀನಿ," ಎಂದ. ಅಷ್ಟರಲ್ಲಿ ತುದಿಯಲ್ಲಿ ನೀಲಿ ಬಣ್ಣ ಅವಳ ಕಣ್ಣಿಗೆ ಬಿತ್ತು. ಸೌಟು, ಮೊಹರು, ಮೈಕುಗಳ ಮೇಲೆ ಹತ್ತಿಳಿದು ನೇರ ಅಲ್ಲಿಗೆ ಹೋದಳು. ಪುಸ್ತಕ ಎತ್ತಿ ಕೆಳಗೆ ನೋಡಿದಳು. ಬಿಸ್ಕತ್ತಿಲ್ಲ. ತಾತನನ್ನು ದುರುಗುಟ್ಟಿ ನೋಡಿದಳು. ಆಮೇಲೆ ರಟ್ಟಿಗೆ ನಾಲಿಗೆ ತಾಗಿಸಿ, ಪುಸ್ತಕವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನೆಕ್ಕತೊಡಗಿದಳು.

"ಪುಸ್ತಕ," ಎಂದು ಮನೆಯೆಲ್ಲ ಗದ್ದಲವಾಯಿತು. ಚು ಅವರ ಕಣ್ಣಲ್ಲಿ ನೀರೇ ಬಂತು. ಹೆಂಡತಿಯ ಕಡೆ ತಿರುಗಿ, "ಮಾತು ಮಾತೇ," ಎಂದರು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಬೀಗರು ಹಾನ್. ಎದ್ದು ಬಂದು ಚು ಅವರ ಕೈ ಹಿಡಿದುಕೊಂಡರು.

"ನಂಗೊತ್ತಿತ್ತು ಬೀಗರೇ. ಎರಡು ವಾರದಿಂದ ನೀವು ಬಾಲ್ಕನೀಲಿ ಮಗೂಗೆ ಪುಸ್ತಕದ ಪಾಠ ಮಾಡ್ತಿದೀರಿ ಅಂತ ಲುವೊ ಅಕ್ಕ ಕಿಟಕೀಲಿ ನೋಡಿ ಹೇಳಿದ್ರು. ನೀವು ಅಷ್ಟು ಆಸೆ ಇಟ್ಕೊಂಡ್ಮೇಲೆ ನಾನು ಸುಮ್ನೆ ಕೂರಕ್ಕಾಗುತ್ತಾ? ಹೋದ ವಾರಾನೇ ಆರ್ಡರ್ ಕೊಟ್ಬಿಟ್ಟೆ."

"ಯಾವ್ದಕ್ಕೆ?"

"ಓದೋ ಮಗೂಗೆ ಓದೋ ಕೋಣೆ ಬೇಡ್ವಾ? ಮೇಜು, ದೀಪ, ಗೋಡೆ ತುಂಬ ಕಪಾಟು. ಕಪಾಟು ಭರ್ತಿ ಆರುನೂರು ಪುಸ್ತಕ. ಚಿನ್ನದ ಅಕ್ಷರ. ಒಳಗೆ ಬರೀ ಖಾಲಿ ಡಬ್ಬಿ, ಧೂಳೂ ಕೂರಲ್ಲ, ಹುಳಾನೂ ಬರಲ್ಲ. ಲಾರಿ ಕೆಳಗಿದೆ. ಹಳೇದೆಲ್ಲ ತೆಗೆದ್ರೆ ಈಗ್ಲೇ ಜೋಡಿಸ್ತಾರೆ."

ಚು ಹೆಂಡತಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಒಪ್ಪಂದ ಆಗಿತ್ತಲ್ಲೇ?"

"ಆಗಿತ್ತು ರೀ. ನಂಗೂ ಬೇಜಾರಾಗ್ತಿದೆ. ಆದ್ರೆ ಬೀಗರು ಅಷ್ಟು ಜನರ ಎದುರಿಗೆ ಹೇಳಿದಾರೆ. ಬೇಡ ಅಂದ್ರೆ ಅವ್ರ ಮುಖ ಎಲ್ಲಿಟ್ಕೋಬೇಕು? ಸೊಸೆ ನಾಳೆ ನನ್ನ ಮುಖ ನೋಡ್ತಾಳಾ?"

ಇದಕ್ಕೆ ಎದುರಾಡುವ ಧೈರ್ಯ ಯಾಂಗ್‌ಝೌನಲ್ಲಿ ಯಾರಿಗೂ ಇಲ್ಲ. ಆಯುಸ್ಸು ಹೆಚ್ಚಲೆಂದು ಹುಟ್ಟುಹಬ್ಬಕ್ಕೆ ಬಡಿಸುವ ಉದ್ದನೆಯ ಶಾವಿಗೆ ಉಂಡು ಮುಗಿಸುವಷ್ಟರಲ್ಲಿ ನಲವತ್ತು ವರ್ಷ ಕಂತೆಕಂತೆಯಾಗಿ ಮೂರು ಗಾಲಿ ಗಾಡಿಗೆ ಇಳಿದಿತ್ತು. ಎತ್ತಿಕೊಡಲು ಸೌಟಿನವನೂ ಬೀಗರೂ ಕೈಜೋಡಿಸಿದರು. ನೆರೆಯವರು ಒಳ್ಳೆಯವರೇ, ಅದೇ ತೊಂದರೆ. ಚು ಅವರ ಕೈಯಲ್ಲಿ ಉಳಿದದ್ದು ನೀಲಿ ಪುಸ್ತಕ ಒಂದೇ. ಪಾಕಕ್ಕೆ ಇರುವೆ ಹತ್ತುತ್ತದೆ ಎಂದು ಹಳೇ ಪೇಪರಿನವನು ಅದನ್ನು ವಾಪಸು ಕೊಟ್ಟಿದ್ದ.

ಅವರು ಹೊಸ ಕೋಣೆಯಲ್ಲಿ ಕೂತು ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸುತ್ತಿದ್ದಾಗ ಲುವೊ ಅಕ್ಕ ಬಂದಳು. ಕಂಕುಳಲ್ಲಿ ಚಿನ್ನದ ಅಕ್ಷರದ ನಾಲ್ಕು ಸಂಪುಟ.

"ಮೇಷ್ಟ್ರೇ, ಆ ಇಟ್ಟಿಗೆ ಜಾರಿ ಬಿತ್ತು. ಬೀಗರು ಇವನ್ನ ಇಟ್ಕೊಳ್ಳಿ ಅಂತ ಕೊಟ್ರು. ಇಟ್ಟು ನೋಡ್ದೆ, ನಾಲ್ಕು ಪೇರಿಸಿದ್ರೂ ಮುಚ್ಚಳ ಕೂರಲ್ಲ. ಏನೂ ಇಲ್ಲ ಇವುಗಳಲ್ಲಿ." ಆಮೇಲೆ ನೀಲಿ ಪುಸ್ತಕದ ಕಡೆ ಕೈತೋರಿಸಿದಳು. "ಅದನ್ನೇ ಕೊಡಿ. ಪುಸ್ತಕ ಅಂದ್ರೆ ಅದು."

ಇಡೀ ದಿನದಲ್ಲಿ ಪುಸ್ತಕದ ಬಗ್ಗೆ ಸರಿಯಾದ ಮಾತಾಡಿದವಳು ಇವಳೊಬ್ಬಳೇ. ಚು ಪುಸ್ತಕ ಕೊಟ್ಟರು. ಅವಳು ಹೋಗುವಾಗ ನಾಲ್ಕು ಖಾಲಿ ಡಬ್ಬಿಗಳನ್ನು ಕಪಾಟಿನಲ್ಲಿ ಮತ್ತೆ ನೇರವಾಗಿ ಜೋಡಿಸಿಟ್ಟು ಹೋದಳು.