ಮಾತಾಡುವ ಚದುರಂಗವನ್ನು ಮಟ್ಟ ಹಾಕಿದ್ದು

ಆ ಯಂತ್ರವನ್ನು ಮಟ್ಟ ಹಾಕದೆ ಬಿಡುವುದಿಲ್ಲ ಎಂದು ನಾನು ಅಡುಗೆಮನೆಯಲ್ಲಿ ನಿಂತು, ಸೌಟು ಎತ್ತಿ ಹಿಡಿದು, ಪ್ರತಿಜ್ಞೆ ಮಾಡಿದೆ!

ಸೌಟು ಹಿಡಿದವಳ ಪ್ರತಿಜ್ಞೆ ತಾನೇ ಎಂದು ಮೂಗು ಮುರಿಯಬೇಡಿ. ನಾನು ಬಸ್ ನಿಲ್ದಾಣದ ಪ್ರಕಟಣೆಗಾರ್ತಿ. ಗಾಜಿನ ಕೋಣೆಯಲ್ಲಿ ಕೂತು ನಾನು ಬಾಯಿ ತೆರೆದರೆ ಜನ ಗಂಟುಮೂಟೆ ಎತ್ತಿಕೊಂಡು ಓಡುತ್ತಾರೆ. ನಾನು "ಮೂರನೇ ಅಂಕಣ" ಎಂದರೆ ಮೂರನೇ ಅಂಕಣ, "ಬಸ್ಸು ಬರುವುದಿಲ್ಲ" ಎಂದರೆ ಬರುವುದಿಲ್ಲ. ಬ್ರಹ್ಮನೂ ಇಷ್ಟು ಖಡಾಖಂಡಿತವಾಗಿ ಯಾರ ಹಣೆಬರಹವನ್ನೂ ಓದಿ ಹೇಳಿರಲಿಕ್ಕಿಲ್ಲ.

ಇಂಥ ದನಿಯ ಒಡತಿಗೆ ಒಂದೇ ಒಂದು ಕೊರತೆ. ಆ ಕೋಣೆಯಲ್ಲಿ ಕೂತು ಎಷ್ಟು ಮಾತಾಡಿದರೂ ಮರುಮಾತು ಬರುವುದಿಲ್ಲ. ಗಾಜಿನಾಚೆ ಸಾವಿರ ಮುಖಗಳಿದ್ದರೂ ಎಲ್ಲವೂ ಬಸ್ಸಿನ ಕಡೆ ತಿರುಗಿರುತ್ತವೆ. ಸರಿ, ಮನೆಗೆ ಹೋಗಿ ನನ್ನವರ ಹತ್ತಿರ ನಾಲ್ಕು ಮಾತಾಡೋಣ ಎಂದುಕೊಂಡರೆ, ಅಲ್ಲೊಂದು ತೊಡಕು. ನಮ್ಮ ಯಜಮಾನರದು ಕನ್ನಡಕದ ಅಂಗಡಿ. ಅದು ಇರುವುದು ನಿಲ್ದಾಣದ ಎದುರಿಗೆ, ಸರಿಯಾಗಿ ದೊಡ್ಡ ಧ್ವನಿವರ್ಧಕದ ಬಾಯಿಗೆ!

"ರೀ, ಏನಾದ್ರೂ ಮಾತಾಡಿ."

"ಬೆಳಗ್ಗಿಂದ ನಿನ್ನ ದನೀನೇ ಕೇಳ್ತಾ ಇದ್ದೀನಲ್ಲೇ. ಇನ್ನೂ ಮಾತಾಡ್ಬೇಕಾ?"

"ಅದು ಬಸ್ಸಿನ ವಿಷಯ."

"ಇದ್ಯಾವ ವಿಷಯ?"

ಯಾವ ವಿಷಯ ಎಂದು ಕೇಳಿದರೆ ಹೇಳುವುದು ಹೇಗೆ? ಗಂಡ ಹೆಂಡತಿ ಮಾತಾಡುವುದಕ್ಕೆ ವಿಷಯ ಬೇಕೇ? ಮದುವೆಯಾದ ಹೊಸತರಲ್ಲಿ ಇದೇ ಮನುಷ್ಯ ಮಸೂರಗಳ ಮೇಲೆ ಕೂರುವ ಧೂಳಿನ ಬಗ್ಗೆ ಅರ್ಧ ಸಂಜೆ ಮಾತಾಡಿದ್ದರು. ನಾನು ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡಿದ್ದೆ. ಧೂಳು ಈಗಲೂ ಕೂರುತ್ತದೆ. ಮಾತು ಮಾತ್ರ ಎದ್ದು ಹೋಗಿದೆ.

ಇಂಥ ಹೊತ್ತಿನಲ್ಲಿ ನನ್ನ ನಾದಿನಿ ಅಣ್ಣನ ಹುಟ್ಟುಹಬ್ಬಕ್ಕೆಂದು ಒಂದು ಪೆಟ್ಟಿಗೆ ಕಳಿಸಿದರು. ಒಳಗೆ ಮಾತಾಡುವ ಚದುರಂಗದ ಯಂತ್ರ! ಅಣ್ಣನಿಗೆ ಮಾತಾಡುವ ಹೆಂಡತಿ ಇರುವಾಗ ತಂಗಿ ಮಾತಾಡುವ ಯಂತ್ರ ಕಳಿಸುತ್ತಾಳೆಂದರೆ ಏನರ್ಥ ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಉತ್ತರಿಸುವವರು ಯಾರು? ಇವರಾಗಲೇ ಬ್ಯಾಟರಿ ಹಾಕಿ ಕೂತಿದ್ದರು.

ನೋಡಲು ಮಾಮೂಲಿ ಚದುರಂಗದ ಮಣೆಯೇ. ಕಾಯಿಯನ್ನು ಮನೆಯ ಮೇಲೆ ಒತ್ತಿ ಇಟ್ಟರೆ ಯಂತ್ರಕ್ಕೆ ತಿಳಿಯುತ್ತದೆ. ಆಮೇಲೆ ತಾನು ಆಡಬೇಕಾದ ಮನೆಗಳಲ್ಲಿ ಪುಟ್ಟ ಕೆಂಪು ದೀಪ ಹೊತ್ತಿಸಿ, "ನನ್ನ ಕುದುರೆಯನ್ನು ಇಲ್ಲಿರಿಸಿ" ಎಂದು ಅಪ್ಪಣೆ ಕೊಡುತ್ತದೆ. ತನ್ನ ಕಾಯಿಯನ್ನೂ ತಾನು ಎತ್ತಿಡುವುದಿಲ್ಲ! ಮನೆಯಲ್ಲಿ ಇನ್ನೊಬ್ಬ ಗಂಡಸು ಬಂದು ಕೂತಂತಾಯಿತು. ಆದರೆ ದನಿ ಮಾತ್ರ ಹೆಂಗಸಿನದು. ಅದೂ ಎಂಥ ದನಿ! ಗ್ರಂಥದಿಂದ ಎದ್ದು ಬಂದ ಭಾಷೆ, ತಗಡಿನ ಡಬ್ಬದೊಳಗಿಂದ ಬಂದ ಉಚ್ಚಾರ. ದನಿಯ ವೃತ್ತಿಯಲ್ಲಿರುವ ನನ್ನಂಥವಳಿಗೆ ಕಿವಿಯಲ್ಲಿ ಕಾದ ಸೀಸ!

"ತಮ್ಮ ಸರದಿ. ಕಾಯುತ್ತಿದ್ದೇನೆ," ಎನ್ನುತ್ತಿತ್ತು ಅದು.

"ಇರಮ್ಮ, ಯೋಚಿಸ್ತಿದೀನಿ," ಎನ್ನುತ್ತಿದ್ದರು ಇವರು. ಯಂತ್ರಕ್ಕೆ! ಅಮ್ಮಾ ಅಂತೆ!

ಪ್ರತಿ ಸಂಜೆ ಇವರು ಅದರ ಕೈಯಲ್ಲಿ ಸೋಲುತ್ತಿದ್ದರು. ಸೋತರೂ ಮುಖದಲ್ಲಿ ಒಂದು ಕಳೆ. ನಾನು ಚಹಾ ತಂದಿಟ್ಟರೆ ಮಣೆಯಿಂದ ಕಣ್ಣೆತ್ತದೆ ಲೋಟಕ್ಕಾಗಿ ಗಾಳಿಯಲ್ಲಿ ತಡಕಾಡುತ್ತಿದ್ದರು. ಒಮ್ಮೆ ಲೋಟವೆಂದು ನನ್ನ ಕೈಯನ್ನೇ ಹಿಡಿದರು. ನಾನು ಹಾಗೇ ನಿಂತೆ. "ಇದೇನು, ತಣ್ಣಗಿದೆ?" ಎಂದು ಬಿಟ್ಟುಬಿಟ್ಟರು.

ಸೌಟಿನ ಪ್ರತಿಜ್ಞೆ ನಡೆದದ್ದು ಆಗಲೇ. ಚದುರಂಗ ಕಲಿಯುವುದು, ಯಂತ್ರವನ್ನು ಸೋಲಿಸುವುದು, ಒಂದು ಸಂಜೆ ಸದ್ದಿಲ್ಲದೆ ಅದನ್ನು ಎತ್ತಿ ಅಟ್ಟದ ಮೇಲಿಟ್ಟು ಇವರೆದುರು ನಾನೇ ಕೂರುವುದು! ಆಗ ಎಲ್ಲಿ ನೋಡುತ್ತಾರೆ ನೋಡೋಣ.

ನನಗೆ ಬೆಳಗಿನ ಪಾಳಿ. ಮಧ್ಯಾಹ್ನ ಮನೆ ಖಾಲಿ. ಮೊದಲ ದಿನ ಯಂತ್ರದ ಗುಂಡಿ ಒತ್ತಿದೆ. "ಸ್ವಾಗತ!" ಎಂದು ಅದು ಕಿರುಚಿದ ಅಬ್ಬರಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಗುಟ್ಟಿನ ಕಲಿಕೆ ಬೀದಿಯ ಪಾಲಾಗುತ್ತದಲ್ಲ! ಬಲಗಡೆ ಕೆಳಮುಖದ ಬಾಣವಿದ್ದ ಗುಂಡಿಯೊಂದು ಕಂಡಿತು. ಒತ್ತಿದೆ.

"ಮಟ್ಟ ಇಳಿಸಲಾಗಿದೆ."

ಧ್ವನಿಯ ಮಟ್ಟ ನನಗೆ ಗೊತ್ತಿಲ್ಲದ ವಿಷಯವೇ? ದಿನಬೆಳಗಾದರೆ ಅದೇ ಕೆಲಸ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಅದು, "ಇದಕ್ಕಿಂತ ಕೆಳಗೆ ಇಳಿಯಲಾರೆ," ಎಂದಿತು. ದನಿ ಎಷ್ಟು ತಗ್ಗಿತು ಎನ್ನುತ್ತೀರಿ! ನನ್ನ ಕಿವಿಗಂತೂ ಪಿಸುಮಾತಿನಂತೆ ಕೇಳಿತು. ಕಿವಿ ಮನಸ್ಸಿನ ಮಾತು ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಲಿಕೆ ಶುರುವಾಯಿತು. ನಾನು ಕುದುರೆಯನ್ನು ನೇರ ಓಡಿಸಿದೆ.

"ಈ ನಡೆ ಅಮಾನ್ಯ."

"ಯಾಕೆ? ಕುದುರೆ ನೇರ ಹೋಗಲ್ವಾ?"

"ಈ ನಡೆ ಅಮಾನ್ಯ."

"ಇರು, ಮೂಲೆಗೆ ಹೋಗ್ಲಿ."

"ಈ ನಡೆ ಅಮಾನ್ಯ."

ಜಗಳವಾಡುತ್ತಲೇ ಕಲಿತೆ. ಆನೆ ನೇರ, ಕುದುರೆ ಸೊಟ್ಟ, ಒಂಟೆ ಓರೆ. ಒಂಟೆ ಎಂದಾಗಲೆಲ್ಲ ಯಂತ್ರದ ನಾಲಿಗೆ ಜಾರುತ್ತಿತ್ತು. ಅದರ ಬಾಯಲ್ಲಿ ಒಂಟೆ 'ಒಂಟಿ'ಯಾಗುತ್ತಿತ್ತು. "ಎಚ್ಚರಿಕೆ. ತಮ್ಮ ಒಂಟಿ ಅಪಾಯದಲ್ಲಿದೆ."

ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕೆ. ಎರಡನೇ ಸಲ ನಗು ಬರಲಿಲ್ಲ. ಖಾಲಿ ಮನೆ, ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು, ಎದುರಿಗೊಂದು ಪೆಟ್ಟಿಗೆ. "ಹೌದು ಕಣೇ," ಎಂದುಬಿಟ್ಟೆ.

"ತಮ್ಮ ಸರದಿ. ಕಾಯುತ್ತಿದ್ದೇನೆ," ಎಂದಿತು ಅದು.

ಎಷ್ಟು ಕಾಲವಾಗಿತ್ತೋ, ನನಗಾಗಿ ಯಾರಾದರೂ ಕಾಯುತ್ತಿದ್ದೇನೆ ಎಂದು! ಅಂದಿನಿಂದ ನಾನು ಬೇಕೆಂದೇ ನಿಧಾನ ಮಾಡತೊಡಗಿದೆ. ತರಕಾರಿ ಹೆಚ್ಚಿ ಬರುತ್ತಿದ್ದೆ, ಬಟ್ಟೆ ಮಡಿಸಿ ಬರುತ್ತಿದ್ದೆ, ಅದು ಕಾಯುತ್ತಿದೆಯೇ ಎಂದು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ಕಾಯುತ್ತಲೇ ಇರುತ್ತಿತ್ತು! ಸವತಿ ಎಂದುಕೊಂಡವಳು ಗೆಳತಿಯಾಗುತ್ತಿದ್ದಳು.

ಇತ್ತ ಸಂಜೆ ಪವಾಡವೊಂದು ನಡೆಯಿತು. "ಲೇ! ಬಾ ಇಲ್ಲಿ! ಗೆದ್ದೆ!" ಎಂದು ಇವರು ಕೂಗಿದರು. ನನ್ನನ್ನೇ ಕೂಗಿದರು! ಒದ್ದೆ ಕೈಯಲ್ಲಿ ಓಡಿದೆ. ಹೇಗೆ ಗೆದ್ದೆ, ಯಾವ ಕಾಲಾಳನ್ನು ಎಲ್ಲಿ ನುಗ್ಗಿಸಿದೆ ಎಂದು ಉಸಿರು ಬಿಡದೆ ಹೇಳಿದರು. ಮರುದಿನವೂ ಗೆದ್ದರು. ಅದರ ಮರುದಿನವೂ. ಮಾತು ತುಂಬಿ ಹರಿಯಿತು. ಆದರೆ ಎಲ್ಲವೂ ಅವರ ಗೆಲುವಿನ ಪ್ರಕಟಣೆ. ನಾನೀಗ ಗಾಜಿನಾಚೆಯ ಪ್ರಯಾಣಿಕಳು, ಅಷ್ಟೇ.

ನಾನೂ ಗೆಲ್ಲುತ್ತಿದ್ದೆನಲ್ಲ! ಕಲಿತು ಕೆಲವು ವಾರಗಳಾಗುವಷ್ಟರಲ್ಲಿ ಯಂತ್ರ ನನ್ನೆದುರು ಮಣ್ಣುಮುಕ್ಕುತ್ತಿತ್ತು. ನಾನು ಹುಟ್ಟಾ ಪ್ರತಿಭೆ, ಬಸ್ಸುಗಳ ನಡುವೆ ವ್ಯರ್ಥವಾಗಿಹೋದೆ ಎಂದು ಮರುಗಿದೆ. ತಲೆಯ ತುಂಬ ಮಣೆಯೇ. ಒಂದು ಬೆಳಗ್ಗೆ ಮೈಕಿನಲ್ಲಿ ಹೇಳಿಯೇಬಿಟ್ಟೆ: "ಪ್ರಯಾಣಿಕರ ಗಮನಕ್ಕೆ. ಇನ್ನು ಕೆಲವೇ ಕ್ಷಣಗಳಲ್ಲಿ ಆನೆಯು ಏಳನೇ ಅಂಕಣಕ್ಕೆ ನೇರವಾಗಿ ಬರಲಿದೆ."

ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಜನ ಏಳನೇ ಅಂಕಣಕ್ಕೆ ನುಗ್ಗಿದರು! ಬಂದ ಬಸ್ಸನ್ನು ಯಾರೂ ಹತ್ತಲಿಲ್ಲ. ನಿಯಂತ್ರಣಾಧಿಕಾರಿ ನನ್ನ ಕೋಣೆಗೆ ಬಂದು, "ಅಕ್ಕಾ, ಆನೆ ನಮ್ಮ ಸಾರಿಗೆಗೆ ಸೇರಿದ್ದು ಯಾವಾಗ?" ಎಂದರು.

ಅಂದು ಸಂಜೆ ಇವರು, "ಏನೋ ಆನೆ ಅಂದೆಯಲ್ಲ?" ಎಂದರು.

"'ಆಮೇಲೆ' ಅಂದೆ. ನಿಮಗೆ 'ಆನೆ' ಅಂತ ಕೇಳ್ಸಿರ್ಬೇಕು."

"ಹೂಂ," ಎಂದು ಯಂತ್ರದೆದುರು ಕೂತರು.

ಗೆಲುವು ತಲೆಗೇರಿದ ಗಂಡಸು ಮನೆಯಲ್ಲಿ ನಿಲ್ಲುವುದಿಲ್ಲ. ಓಣಿಯ ಔಷಧಿ ಅಂಗಡಿಯ ಹಿರಿಯರನ್ನು ಎಲ್ಲರೂ ಗುಳಿಗೆ ಮಾಸ್ತರು ಎನ್ನುತ್ತಾರೆ. ವಾಚನಾಲಯದ ಹಿಂದಿನ ಕೋಣೆಯಲ್ಲಿ ಚದುರಂಗಕ್ಕೆ ಕೂತರೆ ಅವರನ್ನು ಸೋಲಿಸಿದವರಿಲ್ಲ. ಇವರು ಅಂಥವರಿಗೆ ಪಂಥಾಹ್ವಾನ ಕೊಟ್ಟು ಬಂದರು! ಕನ್ನಡಕ ಸರಿಮಾಡಿಸಲು ಬಂದವರನ್ನೆಲ್ಲ ಆಟ ನೋಡಲು ಕರೆದರು. ಹೊಸ ಅಂಗಿ ಇಸ್ತ್ರಿ ಮಾಡಿಸಿಕೊಂಡರು.

"ನೀನೂ ಬಾರೇ," ಎಂದರು ಹೊರಡುವಾಗ. ನನ್ನ ದುರದೃಷ್ಟ, ಅಂದು ಸಂಜೆ ಪಾಳಿ. ಆ ಎರಡು ಮಾತಿಗೆ ನಾನು ಎಷ್ಟು ವರ್ಷದಿಂದ ಕಾದಿದ್ದೆ!

ಸೂರ್ಯ ಇಳಿಯುವ ಹೊತ್ತಿಗೆ ಗಾಜಿನ ಕಿಂಡಿಯಲ್ಲಿ ಗುಳಿಗೆ ಮಾಸ್ತರರ ಮುಖ ಕಾಣಿಸಿತು.

"ಅಮ್ಮಾ, ನಿಮ್ಮ ಯಜಮಾನ್ರು ಇಲ್ಲಿಗೆ ಬಂದ್ರಾ?"

"ಇಲ್ವಲ್ಲ! ಆಟ ಮುಗೀತಾ?"

"ಆಟ ಶುರುವಾಗಿದ್ರೆ ತಾನೇ ಮುಗಿಯೋಕೆ! ಮಂತ್ರೀನ ತಂದು ನನ್ನ ಬಾಯಲ್ಲಿಟ್ರು. ನಾನು ತಿನ್ನಲ್ಲ ಅಂತ ಖಾತ್ರಿ ಇದ್ದವರ ಹಾಗೆ. ತಿಂದೆ. ಜನ ನಕ್ಕರು. ಇವರು ಎದ್ದು ಹೋದೋರು ಎಲ್ಲೂ ಕಾಣ್ತಿಲ್ಲ. ನಂಗೇ ಪಾಪ ಅನ್ನಿಸ್ತು."

"ಅವರು ದಿನಾ ಯಂತ್ರಾನ ಸೋಲಿಸ್ತಾರೆ ಮಾಸ್ತರೇ!"

"ಯಾವ ಮಟ್ಟದಲ್ಲಿ?"

"ಮಟ್ಟಾನಾ?"

"ನನ್ನ ಮೊಮ್ಮಗಳ ಹತ್ರಾನೂ ಅದೇ ಇದೆ. ಬಲಗಡೆ ಬಾಣದ ಗುಂಡಿ ಇರುತ್ತಲ್ಲ, ಅದು ಆಟದ ಮಟ್ಟ. ತೀರಾ ಕೆಳಗಿಳಿಸಿದ್ರೆ ಅದು ಮಂತ್ರೀನೂ ತಿನ್ನಲ್ಲ. ಪುಟ್ಟ ಮಕ್ಕಳು ಅಳಬಾರದು ಅಂತ ಬೇಕೂಂತ್ಲೇ ಸೋಲುತ್ತೆ."

"ಅದು... ದನಿ ಕಮ್ಮಿ ಮಾಡೋದಲ್ವಾ?"

ಗುಳಿಗೆ ಮಾಸ್ತರು ನನ್ನನ್ನು ನೋಡಿದರು. ಕಹಿ ಗುಳಿಗೆ ಕೊಡುವ ಮುಂಚೆ ರೋಗಿಯನ್ನು ನೋಡುತ್ತಾರಲ್ಲ, ಹಾಗೆ.

ಯಂತ್ರವನ್ನು ಮಟ್ಟ ಹಾಕಲು ಹೊರಟವಳು ಅದರ ಮಟ್ಟವನ್ನೇ ಇಳಿಸಿ, ಗಂಡನ ಮಾನವನ್ನು ಅದಕ್ಕಿಂತ ಕೆಳಗಿಳಿಸಿದ್ದೆ! ನನ್ನ ಹುಟ್ಟಾ ಪ್ರತಿಭೆಯೂ ಅಲ್ಲೇ ಸತ್ತಿತು. ಆದರೆ ಅದಕ್ಕಾಗಿ ಅಳಲು ಪುರುಸೊತ್ತಿರಲಿಲ್ಲ. ಹೊಸ ಅಂಗಿ ಹಾಕಿಕೊಂಡ ಮನುಷ್ಯ ಎಲ್ಲೋ ತಲೆ ತಗ್ಗಿಸಿ ಕೂತಿದ್ದಾರೆ. ನನ್ನ ಕೈಯಲ್ಲಿರುವುದು ಒಂದು ಮೈಕು. ಅದೊಂದೇ ನನಗೆ ಬರುವ ವಿದ್ಯೆ.

"ಗಮನವಿಟ್ಟು ಕೇಳಿ. ಕನ್ನಡಕದ ಅಂಗಡಿಯ ಯಜಮಾನರು ಎಲ್ಲಿದ್ದರೂ ಪ್ರಕಟಣೆಯ ಕೋಣೆಗೆ ಬರಬೇಕಾಗಿ ವಿನಂತಿ. ಅವರು ಇಂದು ಆಟದಲ್ಲಿ ಸೋತಿದ್ದರೆ ಅದು ಅವರ ತಪ್ಪಲ್ಲ. ಗುಂಡಿ ಒತ್ತಿದ್ದು ಅವರ ಹೆಂಡತಿ. ದನಿ ತಗ್ಗಿಸುವ ಗುಂಡಿ ಎಂದುಕೊಂಡು ಒತ್ತಿದ್ದು. ಅವರ ಎದುರು ಕೂತು ಆಡಬೇಕೆಂಬ ಆಸೆಯಿಂದ... ಆಸೆಯಿಂದ ಕದ್ದು ಕಲಿಯುತ್ತಿದ್ದಳು. ದಯವಿಟ್ಟು ಬನ್ನಿ. ಪ್ರಯಾಣಿಕರಿಗೆ ಆದ ಅಡಚಣೆಗಾಗಿ ವಿಷಾದಿಸುತ್ತೇವೆ."

ಜೀವನದಲ್ಲಿ ಮೊದಲ ಬಾರಿಗೆ ಗಾಜಿನಾಚೆಯ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ಮೇಜಿನ ಕೆಳಗೆ ಅಡಗಿಕೊಳ್ಳೋಣ ಎನಿಸಿತು. ಎದುರಿನ ಸಾಲಿನಲ್ಲಿ ಮುಚ್ಚಿದ್ದ ನಮ್ಮ ಅಂಗಡಿಯ ಷಟರು ಮೊಣಕಾಲೆತ್ತರಕ್ಕೆ ಎದ್ದಿತು. ಅದರಡಿಯಿಂದ ಹೊಸ ಅಂಗಿ, ಈಗ ಸುಕ್ಕಾಗಿದ್ದು, ನುಸುಳಿ ಹೊರಬಂತು.

"ಊರಿಗೆಲ್ಲ ಸಾರಬೇಕಿತ್ತೇನೇ?" ಎಂದರು ಕಿಂಡಿಯಲ್ಲಿ ಮುಖ ತೂರಿ.

"ಬೇರೆ ದಾರಿ ಗೊತ್ತಾಗ್ಲಿಲ್ಲ ರೀ."

ಇವರು ಅಂಗಿಯ ಸುಕ್ಕು ಸವರಿಕೊಂಡರು. "'ಆಸೆಯಿಂದ' ಅನ್ನೋವಾಗ ನಿನ್ನ ದನಿ ನಡುಗ್ತು."

"ಅದು ನಿಮಗೆ ಗೊತ್ತಾಯ್ತಾ?"

"ದಿನಾ ಕೇಳೋನಿಗೆ ಗೊತ್ತಾಗಲ್ವಾ? ನಿಂಗೆ ನೆಗಡಿ ಬರೋದು ನಿನಗಿಂತ ಮುಂಚೆ ನಂಗೆ ಗೊತ್ತಾಗುತ್ತೆ. ಆವತ್ತು ಆನೆ ಅಂದಿದ್ದೂ ಆನೇನೇ."

ಮರುದಿನ ಸಂಜೆ ಇವರೇ ಯಂತ್ರದ ಬ್ಯಾಟರಿ ತೆಗೆದರು. ಕಾಯಿ ಜೋಡಿಸಿದರು. ನಾನು ಎದುರು ಕೂತೆ. ಇವರು ಆಡಿದರು, ನಾನು ಆಡಿದೆ. ಇವರು ನನ್ನದೊಂದು ಕುದುರೆ ತಿಂದರು, ನಾನು ಇವರ ಆನೆಯನ್ನೇ ನುಂಗಿದೆ. ಹೊರಗೆ ಬೀದಿದೀಪ ಹೊತ್ತಿತು. ಇವರ ನಡೆಗಳು ನಿಧಾನವಾಗತೊಡಗಿದವು. ಒಂದು ಕಾಲಾಳನ್ನು ಮುಂದಿಡಲು ಗಲ್ಲ ಕೆರೆದುಕೊಂಡರು, ಸೂರು ನೋಡಿದರು, ಮಸೂರದ ಮೇಲಿನ ಧೂಳಿನ ಬಗ್ಗೆ ಏನೋ ಹೇಳಿದರು. ಬೆವರುತ್ತಿದ್ದಾರೆ ಎಂದುಕೊಂಡೆ! ಮೂಲೆಗೆ ತಳ್ಳಿದ್ದೇನೆ! ಪುಟ್ಟ ಮಕ್ಕಳ ಮಟ್ಟವಂತೆ! ಬರಲಿ ಆ ಗುಳಿಗೆ ಮಾಸ್ತರು, ನೋಡಲಿ!

"ಯೋಚಿಸಿ ಏನು ಪ್ರಯೋಜನ? ಸೋಲೊಪ್ಕೊಳ್ಳಿ, ನಾನೇನೂ ನಗಲ್ಲ," ಎಂದೆ ದೊಡ್ಡ ಮನಸ್ಸು ಮಾಡಿ.

ಇವರು ಮಣೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು.

"ಒಂದೇ ನಡೆಗೆ ನಿನ್ನ ರಾಜ ಹೋಗ್ತಾನೆ ಕಣೇ. ಆಗಲೇ ಮುಗಿಸಬಹುದಿತ್ತು."

"ಮತ್ತೆ ಮುಗಿಸ್ಲಿಲ್ಲ ಯಾಕೆ?"

"ಮುಗಿಸಿದ್ರೆ ನೀನು ಎದ್ದು ಅಡುಗೆಮನೆಗೆ ಹೋಗ್ತೀಯಲ್ಲ."