ಕೆನಡಾಕ್ಕೆ ಹೋಗಲು ಸೂಕ್ತ ಕಾಲ

ಒಂದು ದೇಶಕ್ಕೆ ಹೋಗಲು ಅತ್ಯುತ್ತಮ ಕಾಲ ಯಾವುದು ಎಂಬುದನ್ನು ಆ ದೇಶಕ್ಕೆ ಹೋಗುವ ಮೊದಲೇ, ಆದರೆ ಅಲ್ಲಿನ ಹವೆಯನ್ನು ಸ್ವತಃ ಅನುಭವಿಸಿದ ನಂತರವೇ, ದೃಢೀಕರಿಸತಕ್ಕದ್ದು. ಶೀತಪ್ರದೇಶ ಮಾರುಕಟ್ಟೆ ಅಧ್ಯಯನ ಯೋಜನೆಯ ಏಳನೇ ನಿಯಮ ಇದು. ಇದನ್ನು ಬರೆದವರು ಯಾರೆಂದು ಗೊತ್ತಿಲ್ಲ. ಅವರಿಗೆ ಬಡ್ತಿ ಸಿಕ್ಕಿತೆಂಬುದು ಮಾತ್ರ ಗೊತ್ತು.

ನಿಯಮ ಚಳ್ಳಕೆರೆಗೆ ಬಂದದ್ದು ತೊಂಬತ್ತೆಂಟರ ಮಾರ್ಚಿನಲ್ಲಿ. ಚಳ್ಳಕೆರೆ ಮೊಳಕಾಲ್ಮೂರು ಅವಳಿ ತಾಲ್ಲೂಕು ಕಂಬಳಿ ನೇಕಾರರ ಸಹಕಾರ ಸಂಘದ ಕಾರ್ಯದರ್ಶಿ ಎರ್ರಿಸ್ವಾಮಿ ಅದನ್ನು ಆಡಳಿತ ಮಂಡಳಿಯ ಮುಂದೆ ಎದ್ದು ನಿಂತು ಓದಿದರು. ಸಂಘದ ನಿಯೋಗವೊಂದು ಸರ್ಕಾರದ ಖರ್ಚಿನಲ್ಲಿ ಕೆನಡಾಕ್ಕೆ ಹೋಗಿ, ಅಲ್ಲಿ ಕಂಬಳಿ ಮಾರಾಟವಾದೀತೇ ಎಂದು ನೋಡಿ ಬರಬಹುದಿತ್ತು. ಹೋಗಲು ಸೂಕ್ತ ಕಾಲ ಯಾವುದೆಂದು ಮೊದಲು ತಿಳಿಸಬೇಕಿತ್ತು, ಅಷ್ಟೆ.

ಕೆನಡಾ ಎಂಬಲ್ಲಿಗೆ ಬಂದಾಗ ಎರ್ರಿಸ್ವಾಮಿ ದನಿ ಏರಿಸಿ ಓದಿದರು. ಕೆಲಸಕ್ಕೆ ಸೇರಿದಾಗಿನಿಂದ ಅವರು ಕಂಬಳಿ ಮಾರುತ್ತಿದ್ದರು, ಅದೂ ಜನ ಅಂಗಿ ಬಿಚ್ಚಿ ಜಗಲಿಯ ಮೇಲೆ ಮಲಗುವ ಊರಿನಲ್ಲಿ. ಇಲ್ಲಿಯವರು ಕಂಬಳಿ ಹಾಸುತ್ತಿದ್ದರು, ಮಡಚಿ ಹೆಗಲಿಗೆ ಹಾಕುತ್ತಿದ್ದರು. ಹೊದ್ದು ಗಡಗಡ ನಡುಗಿದವರೆಂದರೆ ಮಲೇರಿಯಾ ಬಂದವರು ಮಾತ್ರ. ಕಂಬಳಿ ನಿಜಕ್ಕೂ ಬೇಕಾಗುವ ಒಂದು ಊರನ್ನು, ಅಲ್ಲಿ ಆಕಾಶದಿಂದ ಹಿಮ ಬೀಳುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ವರ್ಷದ ಕೊನೆಗೆ ಅವರ ನಿವೃತ್ತಿ. ನಿವೃತ್ತರಿಗೆ ಕೆನಡಾ ಇಲ್ಲವೆಂದು ಎಂಟನೇ ನಿಯಮ ಹೇಳುತ್ತಿತ್ತು.

"ಕೆನಡಾ ಎಲ್ಲಿ ಬರ್ತೈತ್ರಿ?" ಎಂದು ಅಧ್ಯಕ್ಷ ಸೋಮಶೇಖರಪ್ಪನವರು ಕೇಳಿದರು. ಅವರು ಎಣ್ಣೆ ಮಿಲ್ಲಿನ ಮಾಲೀಕರು. ಕುರಿಯನ್ನೂ ಮಗ್ಗವನ್ನೂ ದೂರದಿಂದಲೇ ಗೌರವಿಸುವವರಾದ್ದರಿಂದ, ನಿಷ್ಪಕ್ಷಪಾತಿಗಳೆಂದು ನೇಕಾರರ ಸಂಘಕ್ಕೆ ಅವಿರೋಧವಾಗಿ ಆಯ್ಕೆಯಾಗಿದ್ದರು.

"ಅಮೆರಿಕದ ಮೇಲ್ಗಡೆ ಐತೆ ಸಾರ್. ಬಲು ದೊಡ್ಡ ದೇಶ. ಈ ತುದಿಯೋರು ಎದ್ದು ಕೆಲ್ಸಕ್ಕೆ ಹೋದ್ರೂ ಆ ತುದಿಯೋರು ಇನ್ನೂ ಮಲಗಿರ್ತಾರಂತೆ," ಎಂದರು ಎರ್ರಿಸ್ವಾಮಿ.

"ನಮ್ಮನೇಲೂ ಹಂಗೇ," ಎಂದ ನಿರ್ದೇಶಕ ಪಾಲಣ್ಣ. "ನಾನು ಕುರಿ ಹೊಡ್ಕೊಂಡು ಹೋದ್ರೂ ನನ್ ಮಗ ಮಲಗಿರ್ತಾನೆ. ಅದಕ್ಕೆ ಅಷ್ಟ್ ದೊಡ್ಡ ದೇಶ ಯಾಕ್ ಬೇಕು?"

ತಳಕಿನ ಜೋಗಮ್ಮ ಮಂಡಳಿಯ ಏಕೈಕ ಮಹಿಳಾ ನಿರ್ದೇಶಕಿ. ಉಣ್ಣೆ ನೂಲುವುದು ಬಲ್ಲ ಏಕೈಕ ನಿರ್ದೇಶಕಿಯೂ ಆಕೆಯೇ. "ಅಲ್ರಪ್ಪಾ, ಹೋಗೋಕ್ ಮುಂಚೆ ಅನುಭವ ಆಗ್ಬೇಕು ಅಂದ್ರೆ ಹೆಂಗೆ? ಲಗ್ನಕ್ ಮುಂಚೆ ಬಾಣಂತನ ಮಾಡ್ದಂಗಾಯ್ತಲ್ಲ!"

ಈ ಮಾತನ್ನು ನಡಾವಳಿಯಲ್ಲಿ 'ಸದಸ್ಯರೊಬ್ಬರು ಸ್ಪಷ್ಟೀಕರಣ ಕೋರಿದರು' ಎಂದು ದಾಖಲಿಸಲಾಯಿತು. ಸ್ಪಷ್ಟೀಕರಣ ತರಲು ಎರ್ರಿಸ್ವಾಮಿ ಚಿತ್ರದುರ್ಗಕ್ಕೆ ಹೋದರು.

ಅಲ್ಲಿನ ಯೋಜನಾಧಿಕಾರಿಗಳು ನಿಯಮವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಸ್ವತಃ ಅನುಭವಿಸಬೇಕು ಅಂತಿದೆ. ಎಲ್ಲಿ ಅನುಭವಿಸಬೇಕು ಅಂತ ಇದೆಯೇನ್ರಿ?"

"ಇಲ್ಲ ಸಾರ್."

"ಮತ್ತೆ? ಹವೆ ಏನು ಅವರಪ್ಪಂದಾ? ಎಲ್ಲಾ ಕಡೆ ಇರೋದೇ. ಅಲ್ಲಿ ನಾಲ್ಕು ಕಾಲ ಇದಾವಂತೆ. ನಾಲ್ಕನ್ನೂ ನಿಮ್ಮ ತಾಲ್ಲೂಕಿನಲ್ಲೇ ಅನುಭವಿಸಿ ವರದಿ ಕೊಡಿ, ಟಿಕೆಟ್ ಮಾಡಿಸೋಣ."

ಹೀಗೆ ಋತು ನಿರ್ಣಯ ಉಪಸಮಿತಿ ಅಸ್ತಿತ್ವಕ್ಕೆ ಬಂತು. ಅಧ್ಯಕ್ಷರು, ಪಾಲಣ್ಣ, ಜೋಗಮ್ಮ, ಎರ್ರಿಸ್ವಾಮಿ ಅದರ ಸದಸ್ಯರು.

ಮೊದಲು ಎಲೆ ಉದುರುವ ಕಾಲವನ್ನು ಕೈಗೆತ್ತಿಕೊಳ್ಳಲಾಯಿತು. ಉಪಸಮಿತಿ ಮೊಳಕಾಲ್ಮೂರಿಗೆ ಜೀಪಿನಲ್ಲಿ ತೆರಳಿ, ನುಂಕೆಮಲೆಯ ತಪ್ಪಲಲ್ಲಿ ಒಂದು ಬೇವಿನ ಮರದ ಕೆಳಗೆ ಊಟ ಮುಗಿಸಿ ಕುಳಿತಿತು. ಎಲೆಗಳು ಸಮರ್ಪಕವಾಗಿ ಉದುರಿದವು. ಆದರೆ ಕೆನಡಾದಲ್ಲಿ ಉದುರುವ ಎಲೆ ಕೆಂಪಗಿರುತ್ತದೆಂದು ಯೋಜನೆಯ ಕೈಪಿಡಿಯಲ್ಲಿತ್ತು. ಇಲ್ಲಿನವು ಹಳದಿ. ಎಲೆಅಡಿಕೆ ಅಗಿಯುತ್ತಿದ್ದ ಪಾಲಣ್ಣ ಎದ್ದು ನಾಲ್ಕು ದಿಕ್ಕಿಗೂ ಉಗಿದು ಈ ನ್ಯೂನತೆಯನ್ನು ಸರಿಪಡಿಸಿದ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು, "ಏಮಪ್ಪಾ, ಇಷ್ಟ್ ಜನ ಕೂತು ಏನ್ ಕಾಯ್ತಾ ಇದೀರಿ?" ಎಂದಳು. "ಕೆನಡಾ," ಎಂದರು ಎರ್ರಿಸ್ವಾಮಿ. "ಆ ಬಸ್ಸು ಇಲ್ಲಿ ನಿಲ್ಲಲ್ಲ, ಸರ್ಕಲ್‌ಗೆ ಹೋಗ್ರಿ," ಎಂದು ಹೇಳಿ ಹೋದಳು.

ವಸಂತವನ್ನು ಯುಗಾದಿಯ ಮಾರನೆಯ ದಿನ ಹೊಂಗೆಯ ನೆರಳಲ್ಲಿ ಅನುಭವಿಸಲಾಯಿತು. ವರದಿ: 'ಹಿತಕರ, ಆದರೆ ಕೆಂಜಿಗದ ಕಾಟವಿದೆ.' ಬೇಸಿಗೆಗೆ ಬೇರೆ ಸಿದ್ಧತೆ ಬೇಕಾಯಿತು. ಅಲ್ಲಿನ ಬೇಸಿಗೆ ತಂಪಂತೆ. ಪ್ರವಾಸಿ ಮಂದಿರದ ಕಿಟಕಿಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದ್ದಾಯಿತು. ಆದರೂ ಅಧ್ಯಕ್ಷರ ಬನಿಯನ್ನು ಹಿಂಡುವಂತಾಯಿತು. ವರದಿ: 'ಕೆನಡಾದ ಬೇಸಿಗೆ ಮನುಷ್ಯಮಾತ್ರದವರಿಂದ ತಡೆಯಲಸಾಧ್ಯ.'

ಉಳಿದದ್ದು ಚಳಿಗಾಲ. ಅದಕ್ಕಾಗಿ ಟೆಂಡರು ಕರೆಯಲಾಯಿತು. ಊರಿಗೆಲ್ಲ ಒಂದೇ ಐಸ್ ಫ್ಯಾಕ್ಟರಿ ಇದ್ದುದರಿಂದ ಪೈಪೋಟಿ ತೀವ್ರವಾಗಿರಲಿಲ್ಲ. ಮಾಲೀಕ ಸಿದ್ದಲಿಂಗೇಶ್ ಅಧ್ಯಕ್ಷರ ಭಾವಮೈದ. ಸಂಬಂಧಿಕನೆಂದು ಯಾವ ರಿಯಾಯಿತಿಯನ್ನೂ ಪಡೆಯದೆ, ಆತ ಕೇಳಿದ್ದಕ್ಕಿಂತ ಹೆಚ್ಚಿನ ಬಾಡಿಗೆ ಕೊಟ್ಟು ಅಧ್ಯಕ್ಷರು ಪ್ರಾಮಾಣಿಕತೆ ಮೆರೆದರು. ಬಾಡಿಗೆಯನ್ನು 'ವಿದೇಶಿ ವಾಸ್ತವ್ಯ' ಎಂಬ ಬಾಬ್ತಿಗೆ ಹಾಕಲಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ, ಊರಿನ ಡಾಂಬರು ಚಪ್ಪಲಿಗೆ ಅಂಟುತ್ತಿದ್ದಾಗ, ಉಪಸಮಿತಿ ಕಂಬಳಿ ಹೊದ್ದು ಐಸ್ ಕೋಣೆಯನ್ನು ಪ್ರವೇಶಿಸಿತು. ಮಂಜುಗಡ್ಡೆಗಳ ನಡುವೆ ಭತ್ತದ ಹೊಟ್ಟು ಹರಡಿ ಕುರ್ಚಿ ಹಾಕಿದ್ದರು. ಎಲ್ಲರ ಬಾಯಿಂದಲೂ ಹೊಗೆ ಬಂತು. ಎರ್ರಿಸ್ವಾಮಿ ಗೋಡೆಯ ಕೊಳವೆಯ ಮೇಲೆ ಕೂತಿದ್ದ ಬಿಳಿ ಪುಡಿಯನ್ನು ಬಹಳ ಹೊತ್ತು ನೋಡಿದರು.

"ಹಿಮ ಅಂದ್ರೆ ಹಿಂಗೇ ಇರ್ತೈತೇನೋ," ಎಂದು ಕೈ ಚಾಚಿದರು.

"ಅದು ಅಮೋನಿಯಾ ಪೈಪು ಸಾರ್, ಮುಟ್ಬ್ಯಾಡ್ರಿ, ಚರ್ಮ ಕಿತ್ ಬರ್ತೈತೆ," ಎಂದ ಸಿದ್ದಲಿಂಗೇಶ್.

ಜೋಗಮ್ಮ ಕಂಬಳಿಯ ಅಂಚನ್ನು ಎಳೆದುಕೊಂಡಳು. "ಹುಟ್ಟಿದಾಗ್ಲಿಂದ ಉಣ್ಣೆ ನೂಲ್ತಾ ಇದೀನಿ. ಕಂಬಳಿ ಹಿಂಗ್ ಬೆಚ್ಚಗಿರ್ತೈತೆ ಅಂತ ಇವತ್ತೇ ಗೊತ್ತಾಗಿದ್ದು, ನೋಡ್ರಪ್ಪಾ."

"ಇಲ್ಲೇ ಇದ್ಬಿಡಾಣ," ಎಂದ ಪಾಲಣ್ಣ.

ಅವಸರದಲ್ಲಿ ವರದಿ ಮಾಡುವುದು ಸರ್ಕಾರಕ್ಕೆ ದ್ರೋಹ ಬಗೆದಂತೆ ಎಂದು ಅಧ್ಯಕ್ಷರು ಅಭಿಪ್ರಾಯಪಟ್ಟರು. ಮರುದಿನವೂ ಚಳಿಗಾಲ ಮುಂದುವರಿಯಿತು. ಅದರ ಮರುದಿನವೂ. ಎರ್ರಿಸ್ವಾಮಿಯವರ ಹೆಂಡತಿ ವನಜಾಕ್ಷಿ ದಿನಾ ಮಧ್ಯಾಹ್ನ ಮುದ್ದೆಯ ಬುತ್ತಿ ಕಳಿಸುತ್ತಿದ್ದರು. ವಾರ ಕಳೆದ ಮೇಲೆ, 'ತೀವ್ರ ಹಿಮಪಾತದಿಂದಾಗಿ ಉಪಸಮಿತಿಗೆ ಹೊರಬರಲಾಗಿಲ್ಲ' ಎಂದು ಚಿತ್ರದುರ್ಗಕ್ಕೆ ತಂತಿ ಹೋಯಿತು. ಪರಿಶೀಲನೆಗೆ ಬಂದ ಯೋಜನಾಧಿಕಾರಿಗಳು ಒಂದು ಕಂಬಳಿ ಹೊದ್ದು ಸಂಜೆಯವರೆಗೆ ನಿದ್ದೆ ಮಾಡಿ, 'ಅಧ್ಯಯನ ಮತ್ತಷ್ಟು ಆಳವಾಗಬೇಕಿದೆ' ಎಂದು ಷರಾ ಬರೆದರು. ಊರಿನ ಗಣ್ಯರು ತಮ್ಮನ್ನೂ ಉಪಸಮಿತಿಗೆ ನಾಮಕರಣ ಮಾಡಬೇಕೆಂದು ಅರ್ಜಿ ಹಾಕತೊಡಗಿದರು. ಕಂಬಳಿ ಇಲ್ಲದವರಿಗೆ ಪ್ರವೇಶವಿರಲಿಲ್ಲ. ಆ ತಿಂಗಳಲ್ಲಿ ಸಂಘದ ಗೋದಾಮು ಖಾಲಿಯಾಯಿತು.

ಮೊದಲ ಮಳೆ ಬಿದ್ದು ಊರು ತಣ್ಣಗಾದಾಗ ಉಪಸಮಿತಿ ಹೊರಬಂದು ಈ ಕೆಳಕಂಡ ನಿರ್ಣಯವನ್ನು ಅಂಗೀಕರಿಸಿತು:

'ನಾಲ್ಕೂ ಕಾಲಗಳನ್ನು ಖುದ್ದಾಗಿ ಅನುಭವಿಸಲಾಗಿ, ಕೆನಡಾ ದೇಶಕ್ಕೆ ಭೇಟಿ ನೀಡಲು ಚಳಿಗಾಲವೇ ಅತ್ಯುತ್ತಮವೆಂದು ಈ ಮೂಲಕ ದೃಢೀಕರಿಸಲಾಗಿದೆ. ಆದರೆ ಸದರಿ ಚಳಿಗಾಲವು ಮೇ ತಿಂಗಳಿನಲ್ಲಿ ಬರತಕ್ಕದ್ದು.'

"ಸಾರ್," ಎಂದರು ಎರ್ರಿಸ್ವಾಮಿ ಮೆಲ್ಲಗೆ, "ಅಲ್ಲಿ ಮೇ ತಿಂಗ್ಳಾಗೆ ಚಳಿಗಾಲ ಇರಲ್ಲ."

"ಅದು ಅವರ ಆಡಳಿತಕ್ಕೆ ಬಿಟ್ಟಿದ್ದು ಕಣ್ರಿ. ನಮ್ಮನ್ನ ಕೇಳಿದ್ರು, ನಾವು ಹೇಳಿದ್ವಿ. ಸೈನ್ ಮಾಡ್ರಿ."

ತಮಗೂ ವಿಮಾನಕ್ಕೂ ನಡುವೆ ಇರುವುದು ಈ ಒಂದು ಸಹಿಯಷ್ಟೇ ಎಂದುಕೊಂಡು ಎರ್ರಿಸ್ವಾಮಿ ಸಹಿ ಮಾಡಿದರು. ಮಾರನೆಯ ವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಚಿತ್ರದುರ್ಗಕ್ಕೆ ಹೋಗಿ, ಟಿಕೆಟ್ಟಿನ ವಿಷಯ ಎತ್ತಿದರು.

"ಯಾವ ಟಿಕೆಟ್ಟು?" ಎಂದರು ಯೋಜನಾಧಿಕಾರಿಗಳು.

"ಕೆನಡಾದ್ದು ಸಾರ್."

"ಹೋಗಿ ಬಂದಿದ್ದೀರಲ್ರೀ. ಯೋಜನೆಯ ಹಣವೆಲ್ಲ ವಿದೇಶಿ ವಾಸ್ತವ್ಯ ಅಂತ ಖರ್ಚಾಗಿದೆ. ಕೆನಡಾದ ಚಳಿಗಾಲವನ್ನ ಖುದ್ದಾಗಿ ಅನುಭವಿಸಿದೀವಿ ಅಂತ ನಿಮ್ಮದೇ ಸಹಿ ಇದೆ."

"ಅದು ಐಸ್ ಫ್ಯಾಕ್ಟರೀಲಿ ಸಾರ್. ನೀವೂ ಬಂದಿದ್ರಲ್ಲ."

"ನಾನು ಬಂದಿದ್ದು ಕೆನಡಾಕ್ಕೆ," ಎಂದು ಅಧಿಕಾರಿಗಳು ಶಾಂತರಾಗಿ ಹೇಳಿದರು. "ನನ್ನ ಭತ್ಯೆಯೂ ಹಾಗೇ ಮಂಜೂರಾಗಿದೆ. ನೋಡಿ ಎರ್ರಿಸ್ವಾಮಿ, ನೀವು ನಿವೃತ್ತಿ ಹತ್ತಿರ ಇರೋರು, ನಿಮ್ಮ ಮೇಲೆ ನನಗೆ ಗೌರವ ಇದೆ. ನೀವು ಹೋಗಿಲ್ಲ ಅಂದ್ರೆ ದೃಢೀಕರಣ ಸುಳ್ಳು. ಸುಳ್ಳು ದೃಢೀಕರಣಕ್ಕೆ ಅಮಾನತು, ವಸೂಲಿ, ಕೊನೆಗೆ ಕೈಗೆ ಏನೂ ಬರಲ್ಲ. ದೃಢೀಕರಣ ನಿಜ ಅಂದ್ರೆ ನೀವು ಹೋಗಿ ಬಂದಿದ್ದೀರಿ. ಒಬ್ಬರಿಗೆ ಎರಡು ಸಲ ಒಂದೇ ದೇಶ ಕೊಡೋಕೆ ಅವಕಾಶ ಇಲ್ಲ. ಏನು ಬರ್ಕೊಳ್ಳಲಿ?"

ಕಿಟಕಿಯ ಆಚೆ ಮಳೆ ಹನಿಯುತ್ತಿತ್ತು. ಎರ್ರಿಸ್ವಾಮಿ ಅಂಗಿಯ ಇಸ್ತ್ರಿಯನ್ನು ಕೈಯಿಂದ ಸವರಿಕೊಂಡರು.

"ಹೋಗಿ ಬಂದೀನಿ ಸಾರ್."

"ಸಂತೋಷ. ಹೆಂಗಿತ್ತು?"

"ತಣ್ಣಗಿತ್ತು ಸಾರ್."

ಅವರು ಬಸ್ಸಿನಲ್ಲಿ ಚಳ್ಳಕೆರೆಗೆ ಬಂದಿಳಿಯುವ ಹೊತ್ತಿಗೆ ಅವರು ಕೆನಡಾಕ್ಕೆ ಹೋಗಿ ಬಂದ ಸುದ್ದಿ ಫೋನಿನಲ್ಲಿ ಮುಟ್ಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಂಡ್ ಸೆಟ್ಟು ನಿಂತಿತ್ತು. ಅಧ್ಯಕ್ಷರು ಮೊದಲು ತಾವೊಂದು ಹಾರ ಹಾಕಿಕೊಂಡು, ನಂತರ ಎರ್ರಿಸ್ವಾಮಿಗೊಂದು ಹಾಕಿದರು. ಪಾಲಣ್ಣ ಅವರನ್ನು ತಬ್ಬಿಕೊಂಡು, "ಎಷ್ಟ್ ದಿನ ಆಗಿತ್ತಲೇ ನಿನ್ ನೋಡಿ!" ಎಂದು ಕಣ್ಣೊರೆಸಿಕೊಂಡ. ಬೆಳಿಗ್ಗೆ ಬಸ್ಸು ಹತ್ತಿಸಿದ್ದು ಅವನೇ.

ಮನೆಯಲ್ಲಿ ವನಜಾಕ್ಷಿ ಅಕ್ಕಪಕ್ಕದವರನ್ನು ಕೂರಿಸಿಕೊಂಡು ಹೇಳುತ್ತಿದ್ದರು: "ನಮ್ಮೆಜಮಾನ್ರು ಕೆನಡಾದಾಗಿದ್ದಾಗ ಊಟದ್ದೇ ತೊಂದ್ರೆ. ನಾನಿಲ್ಲಿ ಬಿಸಿ ಮುದ್ದೆ ಕಟ್ಟಿ ಕಳ್ಸಿದ್ರೆ, ಅಲ್ಲಿಗೆ ಹೋಗೋದ್ರಾಗೆ ಕಲ್ಲಾಗ್ತಿತ್ತಂತೆ."

"ಅಲ್ಲಿ ಹೆಂಗಸ್ರು ಹೆಂಗಿರ್ತಾರೆ ಅಣ್ಣಾ?" ಎಂದಳು ಪಕ್ಕದ ಮನೆಯ ಚಿಕ್ಕಕ್ಕ.

ಎರ್ರಿಸ್ವಾಮಿ ನೆನಪಿಸಿಕೊಂಡರು. ಸುಳ್ಳು ಹೇಳುವುದು ಅವರ ಸ್ವಭಾವವಲ್ಲ. "ನಾನ್ ಕಂಡಂಗೆ ಒಬ್ಬರೇ ಇರೋದು. ಒಳ್ಳೇ ಹೆಂಗಸು. ನೂಲೋದು ಚೆನ್ನಾಗಿ ಬಲ್ಲಳು."

ಅಷ್ಟು ದೊಡ್ಡ ದೇಶದಲ್ಲಿ ಒಬ್ಬಳೇ ಹೆಣ್ಣುಮಗಳು ಹೇಗೆ ಸಂಭಾಳಿಸುತ್ತಾಳೋ ಎಂದು ಎಲ್ಲರೂ ಮರುಗಿದರು.

ಹೈಸ್ಕೂಲಿನ ಭೂಗೋಳದ ಮೇಡಂ ಜಗದಾಂಬ ಮಕ್ಕಳಿಗೆ ಪಾಠ ಮಾಡಲೆಂದು ವಿಷಯ ಕೇಳಿಕೊಂಡು ಬಂದಿದ್ದರು. "ಅಲ್ಲಿಗೆ ಹೋಗೋಕೆ ಒಳ್ಳೇ ಕಾಲ ಯಾವುದು ಸಾರ್?"

"ಮೇ ತಿಂಗಳು ಮೇಡಂ," ಎಂದರು ಎರ್ರಿಸ್ವಾಮಿ, ಹಾರ ತೆಗೆದು ಗೋಡೆಯ ಮೊಳೆಗೆ ಹಾಕುತ್ತ. "ಆದ್ರೆ ಕರೆಂಟ್ ಇರೋ ಹೊತ್ತು ನೋಡ್ಕೊಂಡು ಹೋಗ್ರಿ. ಕರೆಂಟ್ ಹೋಯ್ತು ಅಂದ್ರೆ ಅಲ್ಲಿ ಬೇಸಿಗೆ ಶುರುವಾಗಿಬಿಡ್ತೈತೆ."

ಮೇಡಂ ಅದನ್ನು ಬರೆದುಕೊಂಡರು.