ಸೌಟಿಗೆ ಕಟ್ಟಿದ ಕಪ್ಪೆ

ಏಕಕಾಲಕ್ಕೆ ಎರಡು ಕೆಲಸ ಮಾಡಲಾರದವನು ಗಂಡಸೇ ಅಲ್ಲ! ಹೀಗೆಂದು ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ಲೆಸ್ಕೋವಾತ್ಸ್‌ನ ನಮ್ಮ ಮನೆಯ ಹಿತ್ತಿಲಿನಲ್ಲಿ, ಸೌದೆ ಒಲೆಯ ಮುಂದೆ ಎದೆಯುಬ್ಬಿಸಿ ನಿಂತು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರು: ನನ್ನ ಹೆಂಡತಿ ರುಮೆನಾ ಮತ್ತು ಬೆಕ್ಕು. ಬೆಕ್ಕು ಎದ್ದು ಹೋಯಿತು.

"ನೀನು ಒಂದು ಕೆಲಸ ಮಾಡು ಸಾಕು ರಾಂಜೆಲ್," ಎಂದಳು ರುಮೆನಾ. "ಮಗುಚು. ಅಷ್ಟೇ. ಮಗುಚ್ತಾನೇ ಇರು."

ಮಗುಚಬೇಕಾಗಿದ್ದದ್ದು ಐವಾರ್. ಕೆಂಪು ದೊಣ್ಣೆಮೆಣಸಿನಕಾಯಿಯನ್ನು ಮೂಟೆಗಟ್ಟಲೆ ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ, ಎಣ್ಣೆಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಆಗುವ ತೊಕ್ಕು. ಚಳಿಗಾಲಕ್ಕೆ ಅದನ್ನು ಬಾಟಲಿಗಳಲ್ಲಿ ತುಂಬಿಡದ ಮನೆಗೆ ನಮ್ಮ ಬೀದಿಯಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಈ ಐವಾರಿನಲ್ಲಿ ಮೂವತ್ತು ವರ್ಷಗಳಿಂದ ಬೀದಿಗೇ ಮೊದಲಿಗರು ನನ್ನ ಅತ್ತೆ ಸ್ತಾಮೆಂಕಾ. ತಮ್ಮ ಮರದ ಸೌಟನ್ನು ಅವರು ಹೆತ್ತ ಮಗಳ ಕೈಗೂ ಕೊಟ್ಟವರಲ್ಲ. ಆದರೆ ಗುರುವಾರ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮೂಟೆಯ ಸಮೇತ ಜಾರಿ ಬಿದ್ದು, ಬಲಗೈ ಮಣಿಕಟ್ಟು ಮುರಿದುಕೊಂಡು, ಬಿಳಿ ಪಟ್ಟಿ ಹಾಕಿಸಿಕೊಂಡು ಬಂದಿದ್ದರು.

ನಾನು ಮನೆ ಅಳಿಯ. ಹನ್ನೊಂದು ವರ್ಷದ ಅನುಭವವಿದೆ. ಈ ಹನ್ನೊಂದು ವರ್ಷಗಳಲ್ಲಿ ಅತ್ತೆ ನನ್ನ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ! ಊಟದ ಮೇಜಿನಲ್ಲಿ ನಾನು ಎದುರಿಗೇ ಕೂತಿದ್ದರೂ, "ರುಮೆನಾ, ನಿನ್ನ ಗಂಡನಿಗೆ ಉಪ್ಪು ಬೇಕಾ ಕೇಳು," ಎನ್ನುತ್ತಿದ್ದರು. ಊರಿನ ಅತ್ತೆಯರೆಲ್ಲ ಬಾಯ್ತುಂಬ "ಅಳಿಯಂದ್ರೇ" ಎಂದು ಕರೆಯುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಒಂದು ಮಾತಿಗಾಗಿ ಅವರ ಮಾಡಿನ ಹಂಚು ಕೂರಿಸಿದ್ದೇನೆ, ಬಾವಿ ತೋಡಿದ್ದೇನೆ, ಅವರು ಹೆಣೆದ ಹಳದಿ ಸ್ವೆಟರ್ ಹಾಕಿಕೊಂಡು ಪೇಟೆಗೂ ಹೋಗಿದ್ದೇನೆ. ಏನೂ ಪ್ರಯೋಜನವಾಗಿರಲಿಲ್ಲ.

ಆ ಶನಿವಾರ ಕೈ ತೋರಿಸಲು ಡಾಕ್ಟರ ಬಳಿ ಹೊರಟ ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು: "ರುಮೆನಾ, ನಿನ್ನ ಗಂಡನಿಗೆ ಹೇಳು. ತಳ ಹಿಡಿಸದೆ ಇಳಿಸಿದ್ರೆ ಈ ವರ್ಷ ಬಾಟಲಿ ಚೀಟಿ ಮೇಲೆ ಅವನ ಹೆಸರೇ ಬರೆಸ್ತೀನಿ."

ಬಾಟಲಿಯ ಮೇಲೆ ನನ್ನ ಹೆಸರು! ಡಿಸೆಂಬರಿನಲ್ಲಿ ನಮ್ಮ ಮನೆಯ ಸಂತನ ಹಬ್ಬಕ್ಕೆ ಬರುವ ಮೂವತ್ತು ಮಂದಿ ನೆಂಟರು ಬ್ರೆಡ್ಡಿಗೆ ಐವಾರ್ ಸವರುತ್ತ ಓದುವುದು ನನ್ನ ಹೆಸರು! ಅಷ್ಟಾದ ಮೇಲೆ ಅತ್ತೆ "ಅಳಿಯಂದ್ರೇ" ಎನ್ನದೆ ಎಲ್ಲಿ ಹೋಗುತ್ತಾರೆ? ನಾನು ಸೌಟು ಹಿಡಿದೆ.

ಅರ್ಧ ಗಂಟೆಯಲ್ಲಿ ಒಂದು ಸತ್ಯ ಗೊತ್ತಾಯಿತು. ಮಗುಚುವಾಗ ಕೈಗೆ ಕೆಲಸವಿರುತ್ತದೆ, ತಲೆಗೆ ಇರುವುದಿಲ್ಲ. ಕೆಲಸವಿಲ್ಲದ ತಲೆಗೆ ಜೇಬಿನಲ್ಲಿದ್ದ ಫೋನು ನೆನಪಾಯಿತು. ಫೋನಿನೊಳಗೆ ಕಪ್ಪೆಯಿತ್ತು.

ಕಪ್ಪೆ ಆಟ ಬಹಳ ಸುಲಭ. ಕಪ್ಪೆ ತಾನಾಗಿಯೇ ಮೇಲಕ್ಕೆ ನೆಗೆಯುತ್ತಲೇ ಇರುತ್ತದೆ. ಫೋನನ್ನು ಎಡಕ್ಕೆ ಬಲಕ್ಕೆ ವಾಲಿಸಿ ಅದನ್ನು ಒಂದೊಂದೇ ಹಲಗೆಯ ಮೇಲೆ ಇಳಿಸಬೇಕು. ತಪ್ಪಿದರೆ ಬಿತ್ತು, ಆಟ ಮುಗಿಯಿತು. ತಪ್ಪದಿದ್ದರೆ ಮುಗಿಯುವುದೇ ಇಲ್ಲ! ನನ್ನ ದಾಖಲೆ ಮೂವತ್ತೆರಡು ಸಾವಿರ. ಪಕ್ಕದ ಮನೆಯ ಬ್ಲಾಗೋಯೆಯದು ನಲವತ್ತೊಂದು ಸಾವಿರದ ಇನ್ನೂರು. ಅದನ್ನವನು ಕ್ಷೌರದಂಗಡಿಯಲ್ಲಿ, ಯಾರೂ ಕೇಳದಿದ್ದರೂ, ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡುತ್ತಾನೆ.

ತೊಡಕು ಒಂದೇ. ಸೌಟಿಗೆ ಎರಡು ಕೈ ಬೇಕು, ಫೋನಿಗೆ ಒಂದು. ದೇವರು ಲೆಕ್ಕ ತಪ್ಪಿದ್ದ. ಆಗಲೇ ನನ್ನ ಕಣ್ಣು ಸೌಟಿನ ಹಿಡಿಯ ಮೇಲೆ ಬಿತ್ತು. ಮಗುಚುವಾಗ ಅದೂ ಎಡಕ್ಕೆ ಬಲಕ್ಕೆ ವಾಲುತ್ತದಲ್ಲವೇ! ಬಾಟಲಿಗಳಿಗೆಂದು ತಂದಿಟ್ಟಿದ್ದ ರಬ್ಬರ್ ಬ್ಯಾಂಡ್‌ಗಳಿಂದ ಫೋನನ್ನು ಹಿಡಿಗೆ ಬಿಗಿದೆ.

"ರುಮೆನಾ! ಬಂದು ನೋಡು, ವಿಜ್ಞಾನ ಅಂದ್ರೆ ಇದು!"

ಬಾಟಲಿ ತೊಳೆಯುತ್ತಿದ್ದ ಅವಳು ಕತ್ತೆತ್ತಿ ನೋಡಿದಳು. "ತಳ ಹಿಡೀತೋ, ಅಮ್ಮ ನಿನ್ನ ವಿಜ್ಞಾನಾನ ಒಲೆಗೆ ಹಾಕ್ತಾಳೆ."

"ಸೌಟು ಅಲ್ಲಾಡ್ತಿದೆಯೋ ಇಲ್ವೋ ಹೇಳು!"

"ಅಲ್ಲಾಡ್ತಿದೆ ಮಾರಾಯಾ. ಯಾರಿಗೋಸ್ಕರ ಅಲ್ಲಾಡ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ," ಎಂದು ಅವಳು ಒಳಗೆ ಹೋದಳು.

ಮೊದಲ ಹತ್ತು ನಿಮಿಷ, ಆಹಾ! ಇತ್ತ ಐವಾರ್ ಎಣ್ಣೆ ಬಿಟ್ಟುಕೊಂಡು ಮಿನುಗುತ್ತಿದೆ, ಅತ್ತ ಕಪ್ಪೆ ಹತ್ತು ಸಾವಿರ ದಾಟಿದೆ. ಇಪ್ಪತ್ತು ಸಾವಿರದ ಮೇಲೆ ಹಲಗೆಗಳು ಕಿರಿದಾದವು. ಅಲ್ಲಿಂದ ಆಡಳಿತದಲ್ಲಿ ಸಣ್ಣ ಬದಲಾವಣೆಯಾಯಿತು. ಅಲ್ಲಿಯವರೆಗೆ ಐವಾರ್ ಹೇಳಿದಂತೆ ಕಪ್ಪೆ ಕುಣಿಯುತ್ತಿತ್ತು. ಈಗ ಕಪ್ಪೆ ಹೇಳಿದಂತೆ ಐವಾರ್ ಕುಣಿಯತೊಡಗಿತು. ಹಲಗೆಗಳೆಲ್ಲ ಎಡಗಡೆಗೇ ಬರುತ್ತಿದ್ದುದರಿಂದ ಸೌಟನ್ನು ಎಡಕ್ಕೇ ವಾಲಿಸಿ ಹಿಡಿದೆ. ಪಾತ್ರೆಯ ಎಡದಂಡೆಯನ್ನು ಬಹಳ ಚೆನ್ನಾಗಿ ಮಗುಚಿದೆ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ಬಲದಂಡೆಗೆ ದಾಖಲೆ ಮುರಿದ ಮೇಲೆ ಬರುವುದೆಂದು ತೀರ್ಮಾನಿಸಿದ್ದೆ.

ಮೂವತ್ತೈದು ಸಾವಿರಕ್ಕೆ ಸೀದ ವಾಸನೆ ಬಂತು. ಸೆಪ್ಟೆಂಬರಿನಲ್ಲಿ ನಮ್ಮ ಬೀದಿಯ ಒಂದೊಂದು ಹಿತ್ತಿಲಿನಲ್ಲೂ ಮೆಣಸಿನಕಾಯಿ ಸುಡುತ್ತಿರುತ್ತಾರೆ. ಹೊಗೆಯೆಂದರೆ ನಮಗೆ ಗಾಳಿಯಿದ್ದ ಹಾಗೆ. ಆದರೂ ಇದು ಸುಟ್ಟ ವಾಸನೆಯಲ್ಲ, ಸೀದ ವಾಸನೆ ಎಂದು ನನ್ನ ಮೂಗು ಕ್ಷಣದಲ್ಲಿ ಹೇಳಿತು. ಯಾರದೆಂಬುದೂ ಹೊಳೆಯಿತು. ಅಯ್ಯೋ ಪಾಪ ಎನಿಸಿತು.

"ಬ್ಲಾಗೋಯೆ! ಲೋ ಬ್ಲಾಗೋಯೆ! ನಿಂದು ಸೀಯ್ತಾ ಇದೆ ಕಣೋ!" ಕಪ್ಪೆಯಿಂದ ಕಣ್ಣು ತೆಗೆಯದೆ ಕೂಗಿದೆ.

"ನಂದಾ?" ಬೇಲಿಯಾಚೆಯಿಂದ ಗಾಬರಿಯ ದನಿ ಬಂತು.

"ಮತ್ತಿನ್ನೇನು ನಂದಾ? ನಾನು ಮಗುಚ್ತಾ ಇಲ್ವಾ!"

ಅವನ ಹೆಂಡತಿ ಒಳಗಿನಿಂದಲೇ ಶುರುಮಾಡಿದಳು: "ಬಡ್ಕೊಂಡೆ ನಾನು! ಕೂತ್ಕೊಂಡು ಇನ್ನೂ ರಾಕಿಯಾ ಕುಡಿ!" ಪಾಪ, ಇಬ್ಬರೂ ಸೇರಿ ಅರೆಬೆಂದ ಐವಾರಿನ ಪಾತ್ರೆಯನ್ನು ದಡದಡ ಒಲೆಯಿಂದ ಇಳಿಸಿದ್ದು ಕೇಳಿಸಿತು.

"ನಿನ್ನ ಮೂಗಿಗೆ ಒಳ್ಳೇದಾಗ್ಲಿ ರಾಂಜೆಲ್!" ಎಂದ ಬ್ಲಾಗೋಯೆ.

"ಅಕ್ಕಪಕ್ಕದವರು ಅಂದ್ಮೇಲೆ ಅಷ್ಟೂ ಬೇಡ್ವೇನೋ?"

ನಲವತ್ತು ಸಾವಿರ! ಅವನ ಪಾತ್ರೆ ಇಳಿದ ಮೇಲೂ ವಾಸನೆ ಏರುತ್ತಲೇ ಇತ್ತು. ಬುದ್ಧಿಯಿದ್ದವನು ಅಷ್ಟರಿಂದಲೇ ಅರ್ಥಮಾಡಿಕೊಳ್ಳುತ್ತಿದ್ದ. ನನ್ನ ಬುದ್ಧಿ ಆಗ ಹಲಗೆಯ ಮೇಲಿತ್ತು. ನಲವತ್ತೊಂದು ಸಾವಿರದ ನೂರು... ನೂರಾ ಐವತ್ತು... ಮುಂದಿನ ಹಲಗೆ ಬಲಕ್ಕೆ! ಸೌಟನ್ನು ಬಲಕ್ಕೆ ತಳ್ಳಿದೆ. ಅಲುಗಲಿಲ್ಲ. ಮೈಯೆಲ್ಲ ಭಾರ ಹಾಕಿ ತಳ್ಳಿದೆ. ಉಹೂಂ! ತಳ ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಸೌಟನ್ನೂ ಹಿಡಿದುಕೊಂಡಿತ್ತು. ಕಪ್ಪೆ ಬಿತ್ತು. ನಲವತ್ತೊಂದು ಸಾವಿರದ ನೂರಾ ತೊಂಬತ್ತು!

"ಅಯ್ಯಯ್ಯೋ! ಹತ್ತೇ ಹತ್ತು ಕಡಿಮೆ!" ಎಂದು ತಲೆ ಚಚ್ಚಿಕೊಂಡೆ.

"ರುಮೆನಾ," ಬೆನ್ನ ಹಿಂದೆ ಒಂದು ದನಿ ಕೇಳಿತು, "ನಿನ್ನ ಗಂಡ ಏನನ್ನ ಎಣಿಸ್ತಾ ಇದಾನೆ ಕೇಳು."

ಅತ್ತೆ! ಪಾತ್ರೆ ನೋಡಿದರು, ಸೌಟು ನೋಡಿದರು, ಕಪ್ಪೆ ನೋಡಿದರು. ನಾನು ಗಾಬರಿಯಲ್ಲಿ ತಳ ಕೆರೆಯಲು ಹೋದೆ.

"ಮುಟ್ಬೇಡ!"

ಹನ್ನೊಂದು ವರ್ಷಗಳಲ್ಲಿ ಅತ್ತೆ ನೇರವಾಗಿ ನನಗೇ ಹೇಳಿದ ಮೊದಲ ಮಾತು ಅದು. ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ತಳ ಕದಡದ ಹಾಗೆ ಮೇಲಿನದನ್ನು ಮಾತ್ರ ರುಮೆನಾಳಿಂದ ಬೇರೆ ಪಾತ್ರೆಗೆ ತೋಡಿಸಿದರು. ಬೆರಳ ತುದಿಯಲ್ಲಿ ರುಚಿ ನೋಡಿ, "ಬದುಕಿದೆ," ಎಂದು ಮತ್ತೆ ಒಲೆಗೆ ಏರಿಸಿದರು. ನಾನು ಸೌಟು ಕಿತ್ತು, ತೊಳೆದು ಕೊಟ್ಟು, ಫೋನ್ ಬಿಚ್ಚಲು ಕೈಚಾಚಿದೆ.

"ಸುಮ್ನಿರು!" ಎರಡನೆಯ ಮಾತು.

ಎಡಗೈಯೊಂದರಲ್ಲೇ ಮಗುಚತೊಡಗಿದರು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಕುದಿಯುವ ಐವಾರಿನಿಂದ ಒಂದು ಹನಿ ಚಿಮ್ಮಿ ಫೋನಿನ ಮೇಲೆ, ಸರಿಯಾಗಿ 'ಮತ್ತೆ ಆಡು' ಎಂಬಲ್ಲಿಯೇ ಬಿತ್ತು. ಕಪ್ಪೆ ಎದ್ದು ನೆಗೆಯಿತು! ಅತ್ತೆ ಅದರ ಕಡೆ ನೋಡಲೂ ಇಲ್ಲ. ಪಾತ್ರೆ ನೋಡಿದರು, ಒಣಗಿದ ಬಟ್ಟೆ ತೆಗೆದೆಯಾ ಎಂದು ಮಗಳನ್ನು ಕೇಳಿದರು, ಡಾಕ್ಟರನ್ನು ಬೈದರು. ಕಪ್ಪೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ! ಮೂವತ್ತು ಸಾವಿರ! ನಲವತ್ತು! ನನಗೆ ಉಸಿರಾಡಲು ಭಯವಾಯಿತು.

ಬೇಲಿಯ ಮೇಲೆ ಬ್ಲಾಗೋಯೆಯ ತಲೆ ಮೂಡಿತು. ಒಂದು ಕಡೆ ಕರಕಲಾದ ಪಾತ್ರೆ ನೋಡಿದ. "ರಾಂಜೆಲ್, ಸೀದಿದ್ದು ಯಾರದೋ?" ಎನ್ನುವಷ್ಟರಲ್ಲಿ ಸೌಟಿನ ಮೇಲಿನ ಅಂಕಿ ಕಣ್ಣಿಗೆ ಬಿತ್ತು. ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

ಅರವತ್ತೊಂದು ಸಾವಿರಕ್ಕೆ ಅತ್ತೆ ಪಾತ್ರೆಯ ನಡುವೆ ಸೌಟಿನಿಂದ ಒಂದು ಗೆರೆ ಎಳೆದರು. ಗೆರೆ ಮುಚ್ಚಿಕೊಳ್ಳದೆ ತಳ ಕಾಣುತ್ತ ನಿಂತಿತು. "ಆಯ್ತು," ಎಂದು ಸೌಟು ಮೇಲೆತ್ತಿದರು. ಕಪ್ಪೆ ಬಿತ್ತು.

ಅತ್ತೆ ಮಾತಿಗೆ ತಪ್ಪುವವರಲ್ಲ. ಒಳ್ಳೆಯ ಐವಾರಿನ ಇಪ್ಪತ್ತು ಬಾಟಲಿಗಳ ಮೇಲೆ ರುಮೆನಾಳ ಕೈಯಲ್ಲಿ ಎಂದಿನಂತೆ 'ಸ್ತಾಮೆಂಕಾ' ಎಂದು ಬರೆಸಿದರು. ಹಳೆಯ ಪಾತ್ರೆಯ ತಳ ಕೆರೆಸಿ, ಆ ಕರಿಯದನ್ನು ಒಂದು ಬಾಟಲಿಗೆ ತುಂಬಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ 'ರಾಂಜೆಲ್' ಎಂದು ಬರೆಸಿದರು. ಹಬ್ಬದ ದಿನ ಮೇಜಿನ ನಡುಮಧ್ಯೆ ಇಡುವುದು ಅದನ್ನೇ ಅಂತೆ.

ನಾನು ನೆಲ ನೋಡುತ್ತ ನಿಂತಿದ್ದೆ. ಅತ್ತೆ ಫೋನನ್ನು ಸೌಟಿನಿಂದ ಬಿಚ್ಚಿ, ಮೇಲಂಗಿಯ ತುದಿಯಿಂದ ಒರೆಸಿ, ನನ್ನ ಕೈಗಿಟ್ಟರು. ಹೊಸ ದಾಖಲೆ ಮಾಡಿದವರ ಹೆಸರು ಬರೆಯಿರಿ ಎಂದು ಅದು ಮಿನುಗುತ್ತಿತ್ತು.

"ನನ್ನ ಕೈ ಮುರ್ದಿದೆ," ಎಂದರು ಅತ್ತೆ, ನನ್ನ ಮುಖವನ್ನೇ ನೋಡುತ್ತ, ಬಾಯ್ತುಂಬ. "ನೀವೇ ಬರೀರಿ, ಅಳಿಯಂದ್ರೇ!"